ಎದುರುಮನೆಯ ಹಿರಿಯರು

ಬಾಗಿಲು ತಟ್ಟುವ ಸದ್ದಿನಿಂದಲೇ ಬಂದವರು ಯಾರೆಂದು ಹೇಳಬಲ್ಲೆನೆಂಬ ಹೆಮ್ಮೆ ನನಗೆ ಬಹುಕಾಲದಿಂದ ಇದ್ದಿತು. ಹಾಲಿನವನದು ಒಂದು ಬಗೆ, ಅಂಚೆಯವನದು ಇನ್ನೊಂದು ಬಗೆ. ಸಾಲ ಕೇಳಲು ಬಂದ ನೆಂಟರದಂತೂ ಬಾಗಿಲಿಗೇ ನೋವಾಗಬಾರದೆಂಬಷ್ಟು ಮೃದು. ಆದರೆ 2023ರ ಅಕ್ಟೋಬರಿನಲ್ಲಿ, ಇಂಗ್ಲೆಂಡಿನ ಪ್ರೆಸ್ಟನ್ ನಗರದ ನಮ್ಮ ಮಗನ ಬಾಡಿಗೆ ಮನೆಯಲ್ಲಿ ಕುಳಿತು ಕೇಳಿದ ಸದ್ದು ಈ ಯಾವ ಬಗೆಗೂ ಸೇರಲಿಲ್ಲ. ಮೂರೇ ಮೂರು ಬಾರಿ, ಒಂದೇ ಅಳತೆಯಲ್ಲಿ, ತೆರೆದರೂ ಸರಿ ತೆರೆಯದಿದ್ದರೂ ಸರಿ ಎಂಬಂತೆ.

ತೆರೆದು ನೋಡಿದರೆ ಮಳೆಯಲ್ಲಿ ನೆನೆಯುತ್ತ ಇಬ್ಬರು ಹುಡುಗರು ನಿಂತಿದ್ದರು. ಕಪ್ಪು ಕೋಟು, ಬಿಳಿಯ ಅಂಗಿ, ಕೊರಳಲ್ಲಿ ಟೈ, ಎದೆಯ ಮೇಲೊಂದು ಕಪ್ಪು ಹೆಸರುಪಟ್ಟಿ. ಒಬ್ಬ ತೆಂಗಿನ ಮರದಂತೆ ಉದ್ದ. ಇನ್ನೊಬ್ಬ ಗಿಡ್ಡ, ಕೆಂಗೂದಲಿನವನು. "ಒಳಗೆ ಬನ್ನಿ, ನೆನೆಯಬೇಡಿ" ಎಂದೆ. ಉದ್ದನೆಯವನು ಬಹಳ ಸಂಕೋಚದಿಂದ, "ಮನೆಯಲ್ಲಿ ಗಂಡಸರು ಯಾರಾದರೂ ಇದ್ದಾರೆಯೆ, ಅಮ್ಮ?" ಎಂದು ಕೇಳಿದ. ಅಪರಿಚಿತರು ಇಂತಹ ಪ್ರಶ್ನೆಯನ್ನು ಯಾತಕ್ಕಾಗಿ ಕೇಳುತ್ತಾರೆಂಬುದನ್ನು ಪತ್ತೇದಾರಿ ಕಾದಂಬರಿ ಓದಿದ ಯಾವ ಗೃಹಿಣಿಗೂ ವಿವರಿಸಬೇಕಾಗಿಲ್ಲ. ನಮ್ಮವರು ಗ್ರಂಥಾಲಯಕ್ಕೆ ಹೋಗಿದ್ದರು. "ಇದ್ದಾರೆ, ಮಲಗಿದ್ದಾರೆ" ಎಂದು ಸುಳ್ಳು ಹೇಳಿ ಬಾಗಿಲು ಹಾಕಿಕೊಂಡೆ.

ರಾತ್ರಿ ಆಸ್ಪತ್ರೆಯ ಕೆಲಸ ಮುಗಿಸಿ ಬಂದ ಮಗ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವರು ಎದುರುಮನೆಯಲ್ಲೇ ಇರುವ ಮಾರ್ಮನ್ ಪಂಥದ ಮಿಷನರಿಗಳಂತೆ. ಹೆಂಗಸೊಬ್ಬಳೇ ಇರುವ ಮನೆಯೊಳಕ್ಕೆ, ಜೊತೆಗೆ ಗಂಡಸೊಬ್ಬನಿಲ್ಲದೆ ಅವರು ಕಾಲಿಡುವಂತಿಲ್ಲ. ಅದು ಅವರ ನಿಯಮ. ಹೆಸರುಪಟ್ಟಿಯಲ್ಲಿದ್ದ 'ಎಲ್ಡರ್' ಎಂಬುದು ಹೆಸರಲ್ಲ, ಪದವಿ, ಹಿರಿಯ ಎಂದರ್ಥ. ಎರಡು ವರ್ಷದ ಸೇವೆ ಮುಗಿಯುವವರೆಗೆ ಅವರಿಗೆ ತಾಯಿತಂದೆ ಇಟ್ಟ ಹೆಸರಿಲ್ಲ, ಮನೆತನದ ಹೆಸರು ಮಾತ್ರ. ಮೀಸೆ ಇನ್ನೂ ನೆಟ್ಟಗೆ ಮೂಡಿರದ ಹತ್ತೊಂಬತ್ತರ ಹಿರಿಯರು! ಅಂದಿನಿಂದ ನಮ್ಮ ಮನೆಯಲ್ಲಿ ಅವರಿಗೆ 'ಹಿರಿಯರು' ಎಂದೇ ಹೆಸರಾಯಿತು.

ಪರಿಚಯವಾದ ಮೇಲೆ ವಿಚಾರಗಳು ಒಂದೊಂದಾಗಿ ತಿಳಿದುಬಂದವು. ಅವರ ಪಂಥವನ್ನು ಜೋಸೆಫ್ ಸ್ಮಿತ್ ಎಂಬಾತ 1830ರಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದ. ಇಂದು ಲೋಕದ ನಾನಾ ಮೂಲೆಗಳಲ್ಲಿ ಇಂತಹ ಮಿಷನರಿಗಳು 70,000ಕ್ಕೂ ಮಿಕ್ಕಿ ಇದ್ದಾರೆ. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ ವರ್ಷ. ಹೋಗುವ ಊರನ್ನು ಆರಿಸಿಕೊಳ್ಳುವ ಹಕ್ಕಿಲ್ಲ; ಬ್ರೆಜಿಲ್ ಎಂದರೆ ಬ್ರೆಜಿಲ್, ಜಪಾನ್ ಎಂದರೆ ಜಪಾನ್. ಸಂಬಳವಂತೂ ಇಲ್ಲವೇ ಇಲ್ಲ. ಅಮೆರಿಕದ ಹುಡುಗರಾದರೆ 2020ರಿಂದ ತಿಂಗಳಿಗೆ 500 ಡಾಲರು ತಾವೇ ತೆರಬೇಕು. ಉದ್ದನೆಯವನು ಯೂಟಾ ರಾಜ್ಯದವನು. ಎರಡು ಬೇಸಗೆ ಅಂಗಡಿಯಲ್ಲಿ ದುಡಿದು ಕೂಡಿಟ್ಟ ಹಣವನ್ನು ಇದಕ್ಕೆ ಹಾಕಿದ್ದನಂತೆ. ಕೈಯಿಂದ ದುಡ್ಡು ಕೊಟ್ಟು ಬೈಗುಳ ತಿನ್ನುವ ಉದ್ಯೋಗ ಇದೊಂದೇ ಇರಬೇಕೆಂದು ನಮ್ಮವರು ಹೇಳಿದರು.

ನಾನು ಹೇಳಹೊರಟಿರುವುದು ಆ ಅಕ್ಟೋಬರಿನ ಕೊನೆಯ ಸೋಮವಾರದಿಂದ ಮೊದಲಾದ ಒಂದು ವಾರದ ಮಾತು. ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮಾರನೆಯ ದಿನ. ಸಂಜೆ ಐದಕ್ಕೆಲ್ಲ ಕತ್ತಲು. ಅಡುಗೆಮನೆಯ ಕಿಟಕಿಯಿಂದ ಎದುರುಮನೆಯ ಕೋಣೆ ಕಾಣುತ್ತಿತ್ತು. ಪ್ರತಿದಿನ ಬೆಳಿಗ್ಗೆ ಆರೂವರೆಗೆ ದೀಪ ಹತ್ತುವುದು, ಅರ್ಧ ಗಂಟೆ ಇಬ್ಬರೂ ಬಸ್ಕಿ ಹೊಡೆಯುವುದು, ಆಮೇಲೆ ಓದು, ಪ್ರಾರ್ಥನೆ. ರಾತ್ರಿ ಹತ್ತೂವರೆಗೆ ಕತ್ತಲು. ನಮ್ಮ ಹಳೆಯ ಗುರುಕುಲಗಳೂ ಇಷ್ಟು ಕಟ್ಟುನಿಟ್ಟಾಗಿದ್ದುವೋ ಇಲ್ಲವೋ.

ಸೋಮವಾರ ಅವರಿಗೆ ಸಿದ್ಧತೆಯ ದಿನ. ಬಟ್ಟೆ ಒಗೆಯುವುದು, ದಿನಸಿ ತರುವುದು, ಕೂದಲು ಕತ್ತರಿಸಿಕೊಳ್ಳುವುದು, ಮನೆಯವರೊಂದಿಗೆ ಮಾತು. 2019ಕ್ಕೆ ಮೊದಲು ಮನೆಗೆ ದೂರವಾಣಿ ಮಾಡಲು ವರ್ಷಕ್ಕೆ ಎರಡೇ ದಿನ ಅಪ್ಪಣೆಯಿತ್ತಂತೆ, ಕ್ರಿಸ್ಮಸ್ ಮತ್ತು ತಾಯಂದಿರ ದಿನ. ಈಗ ವಾರಕ್ಕೊಮ್ಮೆ ಮುಖ ನೋಡಿ ಮಾತನಾಡಬಹುದು. ಅಂದು ಮಧ್ಯಾಹ್ನ ಮೂರು ಗಂಟೆಗೆ ಉದ್ದನೆಯವನು ಕಿಟಕಿಯ ಬಳಿ ಕುಳಿತು ಒಂದು ಗಂಟೆ ಕಾಲ ತಾಯಿಯೊಡನೆ ಕೈಬಾಯಿ ತಿರುಗಿಸಿ ಮಾತನಾಡಿದ. ನಾನು ಪಾತ್ರೆ ತೊಳೆಯುತ್ತ ನೋಡಿದೆ. ಒಂದೇ ಸೂರಿನಡಿಯಲ್ಲಿರುವ ನನ್ನ ಮಗ ಆ ವಾರವೆಲ್ಲ ನನ್ನೊಡನೆ ಆಡಿದ ಮಾತನ್ನು ಕೂಡಿಸಿದರೂ ಒಂದು ಗಂಟೆಯಾಗುತ್ತಿರಲಿಲ್ಲ. ಅವನನ್ನು ದೂರುವುದಿಲ್ಲ, ಅವನ ಕೆಲಸ ಹಾಗೆ. ಆದರೂ ನೋಡಿದೆ.

ಮಂಗಳವಾರ ಆ ದೇಶದಲ್ಲಿ ಹ್ಯಾಲೋವೀನ್. ಭೂತಪಿಶಾಚಿಗಳ ಮುಖವಾಡ ಹಾಕಿದ ಮಕ್ಕಳು ಮನೆಮನೆಯ ಕದ ತಟ್ಟಿ ಮಿಠಾಯಿ ಬೇಡುವ ಹಬ್ಬ. ಅಂದು ಹಗಲೆಲ್ಲ ನಮ್ಮ ಬೀದಿಯ ಸುತ್ತಮುತ್ತ ಹಿರಿಯರಿಬ್ಬರೂ ತಟ್ಟಿದ ಬಾಗಿಲುಗಳು ಅರುವತ್ತಕ್ಕೆ ಕಡಮೆಯಿಲ್ಲವಂತೆ, ತೆರೆದದ್ದು ನಾಲ್ಕು. ಕತ್ತಲಾದೊಡನೆ ಅವೇ ಬಾಗಿಲುಗಳನ್ನು ಬ್ರಹ್ಮರಾಕ್ಷಸನೊಬ್ಬ ತಟ್ಟಿದ. ಎಲ್ಲವೂ ತೆರೆದವು, ನಗುತ್ತ ತೆರೆದವು. ಬೇಗನೆ ಮನೆ ಸೇರಿಕೊಂಡಿದ್ದ ಹಿರಿಯರು ಕಿಟಕಿಯಲ್ಲಿ ನಿಂತು ಇದನ್ನು ನೋಡುತ್ತಿದ್ದರು.

ಬುಧವಾರ ನಮ್ಮವರೇ ಅವರನ್ನು ಕರೆದರು. ನಾನು ಕಾಫಿಗಿಟ್ಟೆ. ಕಾಫಿ, ಚಹ, ಮದ್ಯ, ತಂಬಾಕು ನಾಲ್ಕೂ ಅವರಿಗೆ ನಿಷಿದ್ಧವಂತೆ. 1833ರಲ್ಲಿ ಆದ ಅಪ್ಪಣೆ. ಕಾಫಿ ಬೇಡವೆನ್ನುವ ಅತಿಥಿಯನ್ನು ಉಪಚರಿಸುವುದು ಹೇಗೆಂಬುದು ನನ್ನ ಸಂಸಾರದ ಅನುಭವದಲ್ಲಿ ಇರಲಿಲ್ಲ. ನಿಂಬೆಹಣ್ಣು ಬೆಲ್ಲ ಏಲಕ್ಕಿ ಹಾಕಿ ಪಾನಕ ಮಾಡಿಕೊಟ್ಟೆ. ಕೆಂಗೂದಲಿನವನು ಮೂರು ಲೋಟ ಕುಡಿದ.

ನಮ್ಮವರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಕುಳಿತಿದ್ದರು. ಬಹುಪತ್ನಿತ್ವದ ವಿಚಾರವೇನು? 1890ರಲ್ಲಿ ಕೈಬಿಡುವುದಾಗಿ ಸಾರಿದರು ಎಂದ ಉದ್ದನೆಯವನು. ಕಪ್ಪು ಜನಾಂಗದ ಗಂಡಸರಿಗೆ ಪೌರೋಹಿತ್ಯ ನಿರಾಕರಿಸಿದ್ದು? 1978ರವರೆಗೆ ನಿಜ ಎಂದ. ಕಿವಿ ಕೆಂಪಾಗಿತ್ತು, ಆದರೆ ಜಾರಿಕೊಳ್ಳಲಿಲ್ಲ. ಹನ್ನೊಂದು ತಿಂಗಳಲ್ಲಿ ಎಷ್ಟು ಜನರನ್ನು ಮತಕ್ಕೆ ಸೇರಿಸಿದಿರಿ ಎಂಬುದು ಮೂರನೆಯ ಪ್ರಶ್ನೆ. "ಒಬ್ಬರನ್ನು" ಎಂದ. ಸ್ವಲ್ಪ ತಡೆದು, "ಅವರೂ ಈಗ ಬರುತ್ತಿಲ್ಲ" ಎಂದ. ಮತಾಂತರವೆಂದರೆ ಮೈ ಉರಿದುಕೊಳ್ಳುವ ನಮ್ಮವರು ಈ ಉತ್ತರ ಕೇಳಿ ಏಕೋ ಚೀಟಿಯನ್ನು ಮಡಚಿ ಜೇಬಿಗಿಟ್ಟರು.

ಹುಡುಗನಿಗೆ ನಾವು ಬೆಂಗಳೂರಿನವರೆಂದು ತಿಳಿದು ಮುಖವರಳಿತು. ಬೆಂಗಳೂರಿನಲ್ಲಿ ಅವರ ಮಿಷನ್ 1993ರಿಂದ ಇದೆಯಂತೆ. ಅಲ್ಲಿ ತಮ್ಮ ದೇವಾಲಯ ಕಟ್ಟುವುದಾಗಿ 2018ರಲ್ಲಿ ಪ್ರಕಟಿಸಿ 2020ರ ಡಿಸೆಂಬರಿನಲ್ಲಿ ಗುದ್ದಲಿಪೂಜೆಯನ್ನೂ ಮಾಡಿದ್ದಾರಂತೆ. ನಲವತ್ತು ವರ್ಷ ಅದೇ ಊರಿನಲ್ಲಿದ್ದ ನಾವು ಇದನ್ನು ಪ್ರೆಸ್ಟನ್ನಿಗೆ ಬಂದು ಕೇಳಬೇಕಾಯಿತು.

ನನ್ನ ಕಿವಿ ನೆಟ್ಟಗಾದದ್ದು ಸತ್ತವರ ಮಾತು ಬಂದಾಗ. ಗತಿಸಿದ ಹಿರಿಯರ ಹೆಸರುಗಳನ್ನು ಹುಡುಕಿ ತೆಗೆದು, ಅವರ ಪರವಾಗಿ ಬದುಕಿರುವವರು ನೀರಿನಲ್ಲಿ ಮುಳುಗಿ ದೀಕ್ಷೆ ಪಡೆಯುವ ಪದ್ಧತಿ ಅವರಲ್ಲಿದೆ. ಅದಕ್ಕಾಗಿಯೇ ವಂಶಾವಳಿಗಳ ಸಂಗ್ರಹ. ಸಾಲ್ಟ್ ಲೇಕ್ ನಗರದ ಬಳಿ ಬೆಟ್ಟವನ್ನೇ ಕೊರೆದು 1960ರ ದಶಕದಲ್ಲಿ ಉಗ್ರಾಣ ಮಾಡಿ ಲೋಕದ ಜನನ ಮರಣ ದಾಖಲೆಗಳ ಪ್ರತಿಗಳನ್ನು ಕಾಪಾಡಿದ್ದಾರೆ. ನಮ್ಮ ಗಯೆಯ ಪಂಡರ ಹೊತ್ತಗೆಗಳು ನೆನಪಾದವು. ನಾವು ತರ್ಪಣದಲ್ಲಿ ಮೂರು ತಲೆಮಾರು ಹೇಳಿ ನಿಲ್ಲಿಸುತ್ತೇವೆ. ಇವರು ಸಿಕ್ಕಷ್ಟೂ ಹೋಗುತ್ತಾರೆ. "ನನ್ನ ಅಜ್ಜಿಗೂ ಮುಳುಗು ಹಾಕಿಬಿಡುತ್ತೀರೇನಪ್ಪ?" ಎಂದೆ. ತಂತಮ್ಮ ವಂಶದವರ ಹೆಸರನ್ನು ಮಾತ್ರ ಕೊಡಬೇಕೆಂದು ನಿಯಮವಿದೆ, ಅಲ್ಲದೆ ಸತ್ತವರಿಗೂ ಬೇಡವೆನ್ನುವ ಸ್ವಾತಂತ್ರ್ಯವುಂಟು ಎಂದ. ನೆರಳು ಸೋಕಿದರೆ ಮತ್ತೆ ಮಿಂದು ಮಡಿಯುಡುತ್ತಿದ್ದ ನಮ್ಮಜ್ಜಿ ಪರಲೋಕದಲ್ಲಿ ಏನು ಉತ್ತರ ಕೊಟ್ಟಾಳೆಂಬುದರ ಬಗ್ಗೆ ನನಗೆ ಸಂದೇಹವಿಲ್ಲ.

ಆಗಲೇ ಅವನು ತನ್ನ ಅಜ್ಜಿಯ ವಿಷಯ ಹೇಳಿದ್ದು. ಮಾರ್ಮನ್ ಮಿಷನರಿಗಳು ಇಂಗ್ಲೆಂಡಿನಲ್ಲಿ ಮೊದಲು ಬೋಧಿಸಿದ ಊರೇ ಪ್ರೆಸ್ಟನ್. 1837ರ ಜುಲೈ 30ರಂದು, ಕುಂಬಾರಿಕೆ ಕಲಿತಿದ್ದ ಹೀಬರ್ ಕಿಂಬಲ್ ಎಂಬಾತ ಇಲ್ಲಿನ ರಿಬ್ಬಲ್ ನದಿಯಲ್ಲಿ ಒಂಬತ್ತು ಜನರಿಗೆ ದೀಕ್ಷಾಸ್ನಾನ ಮಾಡಿಸಿದ. ಮೊದಲಿಗನಾಗಬೇಕೆಂದು ಅವರು ನದಿಗೆ ಓಡುವ ಪಂದ್ಯವನ್ನೇ ಕಟ್ಟಿದರಂತೆ. ಮುಂದೆ ಈ ನಾಡಿನಿಂದ ಸಾವಿರಾರು ಬಡ ಕುಟುಂಬಗಳು ಹಡಗೇರಿ ಅಮೆರಿಕಕ್ಕೆ ಹೋದವು. ಹುಡುಗನ ಅಜ್ಜಿಯ ಮುತ್ತಜ್ಜಿ ಅವರಲ್ಲೊಬ್ಬಳು. ಆ ನದಿಯ ಒಂದು ಚಿತ್ರ ಕಳುಹಿಸೆಂದು ಅಜ್ಜಿ ಬಹಳ ದಿನದಿಂದ ಕೇಳುತ್ತಿದ್ದರು. ಈ ಸೋಮವಾರ ಹೋಗಬೇಕೆಂದಿದ್ದ. ಮಳೆ ಜೋರಾಗಿದ್ದರಿಂದ ಮುಂದಿನ ಸೋಮವಾರಕ್ಕೆ ಹಾಕಿದ.

ಗುರುವಾರ ನಸುಕಿನ ಮೂರು ಗಂಟೆಗೆ ನಾನು ನೀರು ಕುಡಿಯಲೆಂದು ಎದ್ದಾಗ ಎದುರುಮನೆಯಲ್ಲಿ ದೀಪವುರಿಯುತ್ತಿತ್ತು. ನಿಯಮದ ಮನೆಯಲ್ಲಿ ಹೊತ್ತಲ್ಲದ ಹೊತ್ತಿನ ದೀಪ. ಅಜ್ಜಿ ಹೋಗಿಬಿಟ್ಟಿದ್ದರು.

ಸಂಜೆ ಅದನ್ನು ನಮಗೆ ತಿಳಿಸಿದವನು ಕೆಂಗೂದಲಿನವನು. ಮನೆಗೆ ಹೋಗಲು ಕೇಳಬಹುದಾಗಿತ್ತು, ಇವನು ಕೇಳಲಿಲ್ಲ ಎಂದ. ಶುಕ್ರವಾರ ಬೆಳಿಗ್ಗೆ ಎಂದಿನಂತೆ ಹೊರಟು, ಎಂದಿನಂತೆ ಕದ ತಟ್ಟುತ್ತಿದ್ದರು. ನನಗೆ ಕೋಪ ಬಂತು. 2021ರ ಮೇ ತಿಂಗಳಲ್ಲಿ ನನ್ನ ತಾಯಿ ಮೈಸೂರಿನಲ್ಲಿ ತೀರಿಕೊಂಡಾಗ, ಲಾಕ್‌ಡೌನಿನಿಂದಾಗಿ ಬೆಂಗಳೂರಿನಲ್ಲಿದ್ದ ನಾನು ಹೋಗಲಾಗದೆ, ಅಂಗೈಯಗಲದ ಫೋನಿನಲ್ಲಿ ಚಿತೆಯನ್ನು ನೋಡಿದವಳು. ಹೋಗಬಹುದಾಗಿದ್ದೂ ಹೋಗದವನನ್ನು ಹೇಗೆ ಕ್ಷಮಿಸಲಿ? ನೇರವಾಗಿ ಬೀದಿಗಿಳಿದು ಕೇಳಿಯೇಬಿಟ್ಟೆ.

"ನಡುವೆ ಬಿಟ್ಟು ಬರಬೇಡವೆಂದು ಹೊರಡುವಾಗ ಅಜ್ಜಿಯೇ ಹೇಳಿದ್ದರು" ಎಂದ. ನಾನು ಸುಮ್ಮನೆ ನಿಂತೇ ಇದ್ದೆ. ಜೊತೆಗಾರನನ್ನು ಕಣ್ಣುಕಿವಿಗಳ ಅಳತೆಯಿಂದಾಚೆ ಬಿಡಬಾರದೆಂಬುದು ಅವರ ಕಟ್ಟಳೆ. ಆದರೂ ಕೆಂಗೂದಲಿನವನು ಎರಡು ಹೆಜ್ಜೆ ಆಚೆ ಸರಿದು, ಬಗ್ಗಿ, ಬೂಟಿನ ದಾರವನ್ನು ಕಟ್ಟತೊಡಗಿದ. ಆ ದಾರ ಬಹಳ ಹೊತ್ತು ಕಟ್ಟಿಸಿಕೊಂಡಿತು. ಉದ್ದನೆಯವನು ತಗ್ಗಿದ ದನಿಯಲ್ಲಿ, "ಒಮ್ಮೆ ಹೋದರೆ ಮತ್ತೆ ಬರಲಾರೆನೇನೋ ಎಂದು ಭಯವಾಯಿತು" ಎಂದ. ನನಗೆ ಮಾತು ಹೊರಡಲಿಲ್ಲ. ಕೈಯಲ್ಲಿದ್ದ ಚಕ್ಕುಲಿಯ ಡಬ್ಬಿಯನ್ನು ಕೊಟ್ಟು ಬಂದೆ.

ಶನಿವಾರ ವರ್ಗಾವಣೆಯ ಸುದ್ದಿ. ಆರು ವಾರಕ್ಕೊಮ್ಮೆ ಯಾರನ್ನು ಎಲ್ಲಿಗೆ ಬೇಕಾದರೂ ಹಾಕುತ್ತಾರೆ; ಈ ಸಲ ಇಬ್ಬರಿಗೂ ಬೇರೆ ಬೇರೆ ಊರು.

ಭಾನುವಾರ ಕುತೂಹಲಕ್ಕೆಂದು ಅವರ ಸಭೆಗೆ ಹೋದೆ; ನಮ್ಮವರು ಬರಲಿಲ್ಲ. ಸಂಬಳದ ಪಾದ್ರಿಯಿಲ್ಲ, ರೊಟ್ಟಿಯ ಚೂರು ಮತ್ತು ದ್ರಾಕ್ಷಾರಸದ ಬದಲು ನೀರು. ತಿಂಗಳ ಮೊದಲ ಭಾನುವಾರವಾದ್ದರಿಂದ ಎಲ್ಲರಿಗೂ ಉಪವಾಸ. ಆ ಊಟದ ಹಣ ಬಡವರಿಗೆ. ಬೇಕಾದವರು ಎದ್ದು ತಮ್ಮ ನಂಬಿಕೆಯನ್ನು ಸಾಕ್ಷಿ ಹೇಳಬಹುದು. ಹಾಗೆದ್ದ ಹೆಚ್ಚಿನವರೂ, ಹತ್ತು ವರ್ಷದ ಹುಡುಗಿ ಕೂಡ, 'ನಾನು ಬಲ್ಲೆ' ಎಂದೇ ಆರಂಭಿಸಿದರು. ಈ ವಯಸ್ಸಿನಲ್ಲೂ ಪ್ರತಿಯೊಂದು ಮಾತನ್ನು 'ಇರಬಹುದು' ಎಂದು ಮುಗಿಸುವ ನನಗೆ ಅದು ವಿಚಿತ್ರವಾಗಿ ಕೇಳಿಸಿತು. ಕೊನೆಗೆ ನಮ್ಮ ಉದ್ದನೆಯ ಹಿರಿಯ ಎದ್ದ. "ಅಜ್ಜಿಯನ್ನು ಮತ್ತೆ ನೋಡುವೆನೆಂದು ನಾನು ಬಲ್ಲೆ" ಎಂದು ಹೇಳಹೊರಟವನು ನಡುವೆ ನಿಂತ. ಸಭೆ ಕಾಯಿತು. "ನೋಡುವೆನೆಂದು ಆಶಿಸುತ್ತೇನೆ" ಎಂದು ಹೇಳಿ ಕುಳಿತುಬಿಟ್ಟ.

ಸಂಜೆ ಉಪವಾಸ ಮುರಿಯಲು ನಮ್ಮಲ್ಲಿಗೆ ಬಂದರು. ಬಿಸಿಬೇಳೆಭಾತು, ಮೊಸರು. ಅಂದು ಬೀದಿಯಲ್ಲೆಲ್ಲ ಪಟಾಕಿ. ಇಂಗ್ಲಿಷರ ದೀಪೋತ್ಸವದ ರಾತ್ರಿ. ಅಪರೂಪಕ್ಕೆ ಮಗನೂ ಮನೆಯಲ್ಲಿದ್ದ. ಉದ್ದನೆಯವನು ಅವನನ್ನು, ನಿಮ್ಮ ಅಜ್ಜಿ ಹೇಗಿದ್ದರು ಎಂದು ಕೇಳಿದ. ಮಗ ಹೇಳುತ್ತ ಹೋದ. ನನ್ನ ತಾಯಿಯ ಕೈತುತ್ತು, ಅವಳ ನಶ್ಯದ ಡಬ್ಬಿ, ತನ್ನ ಪರೀಕ್ಷೆಯ ದಿನ ಅವಳು ಹಿಡಿದಿದ್ದ ಒಪ್ಪತ್ತು. ಎರಡೂವರೆ ವರ್ಷದಲ್ಲಿ ಅವನು ಅವಳ ಮಾತೆತ್ತಿದ್ದು ಅಂದೇ ಮೊದಲು. ಅವನೂ ಅವಳಿಗಾಗಿ ಬರಲಾಗಿರಲಿಲ್ಲ. ನಾನು ಮೊಸರಿನ ಪಾತ್ರೆ ಹಿಡಿದುಕೊಂಡು ಒಳಗೆ ಹೋದೆ.

ಸೋಮವಾರವೂ ಮಳೆಯೇ. ಆದರೂ ನಾವು ನಾಲ್ವರು ಅವೆನಮ್ ಉದ್ಯಾನವನದ ಇಳಿಜಾರಿನಲ್ಲಿ ನಡೆದು ನದಿಯ ದಡಕ್ಕೆ ಹೋದೆವು. ರಿಬ್ಬಲ್ ಕಂದುಬಣ್ಣಕ್ಕೆ ತಿರುಗಿ ತುಂಬಿ ಹರಿಯುತ್ತಿತ್ತು. ನಮ್ಮ ಕಾವೇರಿಯ ಮುಂದೆ ಅಷ್ಟೇನೂ ದೊಡ್ಡದಲ್ಲ. ನಮ್ಮವರು ಅವನ ತಲೆಯ ಮೇಲೆ ಛತ್ರಿ ಹಿಡಿದರು. ಅವನು ಒಂದೇ ಒಂದು ಚಿತ್ರ ತೆಗೆದ. ಯಾರಿಗೂ ಕಳುಹಿಸದೆ ಫೋನನ್ನು ಕೋಟಿನೊಳಗೆ ಇಟ್ಟುಕೊಂಡ.

ಬುಧವಾರ ಇಬ್ಬರೂ ಪೆಟ್ಟಿಗೆ ಎಳೆದುಕೊಂಡು ಹೊರಟುಹೋದರು. ಎರಡು ದಿನ ಕಳೆದು, ಮಧ್ಯಾಹ್ನ, ಅದೇ ಸದ್ದು. ಮೂರೇ ಬಾರಿ, ಒಂದೇ ಅಳತೆ. ತೆರೆದರೆ ಹೊಸಬರಿಬ್ಬರು, ನೆನೆಯುತ್ತಿದ್ದರು. ನಮ್ಮವರು ಗ್ರಂಥಾಲಯಕ್ಕೆ ಹೋಗಿದ್ದರು. ಅವರು ಬಾಯಿ ತೆರೆಯುವ ಮೊದಲೇ "ಗಂಡಸರಿಲ್ಲ, ಅಲ್ಲೇ ಇರಿ" ಎಂದು ಹೇಳಿ, ಎರಡು ಲೋಟ ಪಾನಕ ತಂದು ಕೈಗಿತ್ತು, ಛತ್ರಿ ಬಿಚ್ಚಿ ನಾನೇ ಹೊರಗೆ ಬಂದು ನಿಂತೆ.