ಗಬ್ಬರ್ ಸಿಂಗನ ಸೀಮೆಯಲ್ಲಿ ಸೈಕಲ್ ಕೈಕೊಟ್ಟಾಗ!

ಮೊರೇನಾ ದಾಟಿ ಸ್ವಲ್ಪ ದೂರ ಬಂದಿದ್ದೆ. ಹಿಂದಿನ ಚಕ್ರ ‘ಟಣ್’ ಅಂತು. ಇನ್ನೊಂದು ಫರ್ಲಾಂಗಿಗೆ ಮತ್ತೆ ‘ಟಣ್’. ಇಳಿದು ನೋಡಿದರೆ ಎರಡು ಕಡ್ಡಿ ಮುರಿದು ರಿಮ್ಮು ಕುಡುಕನ ಹಾಗೆ ಓಲಾಡ್ತಿದೆ. ಹೊತ್ತು ಮುಳುಗುವ ಸಮಯ. ರಸ್ತೆಯ ಎರಡೂ ಕಡೆ ಮಣ್ಣಿನ ದಿಬ್ಬ, ಕೊರಕಲು, ಅದರಾಚೆ ಮತ್ತೆ ದಿಬ್ಬ. ಲಾರಿಗಳು ಹೋಗ್ತಾವೆ, ನಿಲ್ಲಿಸೋರಿಲ್ಲ. ಇದೇ ಕಣ್ರೀ ಚಂಬಲ್!

ಬೆಂಗಳೂರಿನಿಂದ ದಿಲ್ಲಿಗೆ ಒಬ್ಬನೇ ಸೈಕಲ್ ತುಳೀತೀನಿ ಅಂದಾಗ ಗೆಳೆಯರು ನಕ್ಕಿದ್ದರು. 2022ರ ಡಿಸೆಂಬರ್ ಅದು. 44ನೇ ರಾಷ್ಟ್ರೀಯ ಹೆದ್ದಾರಿ, 2,000 ಕಿಲೋಮೀಟರಿಗೂ ಮೇಲೆ. ಅನಂತಪುರ, ಕರ್ನೂಲು, ಹೈದರಾಬಾದು, ನಾಗಪುರ ಎಲ್ಲಾ ಸಲೀಸು. ಪೇಂಚ್ ಕಾಡಿನಲ್ಲಿ ಹುಲಿಗಳು ದಾಟಲಿ ಅಂತ ಹೆದ್ದಾರಿಯನ್ನೇ ಕಂಬದ ಮೇಲೆ ಎತ್ತಿದ್ದಾರೆ. ಕೆಳಗೆ ಅವು, ಮೇಲೆ ನಾನು! ಅಲ್ಲೂ ಆಗದ ಹೆದರಿಕೆ ಇಲ್ಲಿ ಆಯಿತು.

ಕಾರಣ ಸಿನಿಮಾ. ಡಾಕು ಅಂದರೆ ಚಂಬಲ್, ಚಂಬಲ್ ಅಂದರೆ ಗಬ್ಬರ್. ನನ್ನ ಭೂಗೋಳ ಅಷ್ಟೇ. ‘ಶೋಲೆ’ ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ. ತಮಾಷೆ ನೋಡಿ, ಗಬ್ಬರ್ ಮೆರೆದ ಆ ಬಂಡೆಗಳು ಇರೋದು ನಮ್ಮ ರಾಮನಗರದಲ್ಲಿ! 1973ರಲ್ಲಿ ಅಲ್ಲಿ ಶೂಟಿಂಗ್ ಶುರುವಾಗಿ 1975ರ ಆಗಸ್ಟ್ 15ಕ್ಕೆ ಚಿತ್ರ ಬಿಡುಗಡೆಯಾಯಿತು. ಇಲ್ಲಿ ನೋಡಿದರೆ ಬರೀ ಮಣ್ಣು, ಮಳೆನೀರು ಕೊರೆದ ಮಣ್ಣು.

ಅಷ್ಟರಲ್ಲಿ ಒಂದು ಟ್ರ್ಯಾಕ್ಟರ್ ನಿಂತಿತು. ಇಳಿದವನಿಗೆ ಅರವತ್ತು ದಾಟಿರಬೇಕು. ಬಿಳಿ ಮೀಸೆ, ಹೆಗಲಿಗೆ ಜೋಡಿ ನಳಿಗೆ ಬಂದೂಕು. ನನ್ನ ಗಂಟಲು ಒಣಗಿತು.

‘ಎಲ್ಲಿಂದ ಬೇಟಾ?’

‘ಬೆಂಗಳೂರು, ಬಾಬಾ.’

ಮೀಸೆ ಅರಳಿತು. ‘ಅರೆ, ಭಾಯೀಜಿ ಊರಿನವನಾ!’

ಯಾವ ಭಾಯೀಜಿ? ಬಾಯಿಬಿಡದೆ ‘ಹಾಂ ಹಾಂ’ ಅಂತ ತಲೆ ಆಡಿಸಿದೆ. ಸೈಕಲ್ಲು ಟ್ರಾಲಿ ಏರಿತು.

ರಾತ್ರಿ ಅವರ ಮನೆಯಲ್ಲಿ ಸಜ್ಜೆ ರೊಟ್ಟಿ, ತುಪ್ಪ, ಬೆಲ್ಲ. ಬೆಂಕಿ ಮುಂದೆ ಕೂತು ಮುದುಕ ಹೇಳಿದ. 1972ರ ಏಪ್ರಿಲ್. ಜೌರಾ ಊರಿನಲ್ಲಿ ಜಯಪ್ರಕಾಶ ನಾರಾಯಣರ ಎದುರು, ಗಾಂಧಿ ಚಿತ್ರದ ಮುಂದೆ, ಮೊಹರ್ ಸಿಂಗ್, ಮಾಧೋ ಸಿಂಗರಂಥ ಹೆಸರು ಕೇಳಿದರೆ ನಡುಗಿಸುವ ಡಾಕುಗಳು ಬಂದೂಕು ಕೆಳಗಿಟ್ಟರು. ‘ನಾನಾಗ ಹುಡುಗ. ಅಪ್ಪನ ಹೆಗಲ ಮೇಲೆ ಕೂತು ನೋಡಿದೆ. ಇದರ ಹಿಂದೆ ಓಡಾಡಿದವರು ನಿಮ್ಮೂರಿನ ಭಾಯೀಜಿ. ಚಳಿಗಾಲದಲ್ಲೂ ಖಾಕಿ ಚಡ್ಡಿ, ಖಾದಿ ಶರ್ಟು. ನೀನು ಅವರನ್ನ ನೋಡಿದ್ದೀಯಲ್ಲ?’

‘ನೋಡಿದ್ದೀನಿ’ ಅಂದುಬಿಟ್ಟೆ! ಸುಳ್ಳು.

ಅವರ ಹೆಸರು ಎಸ್.ಎನ್. ಸುಬ್ಬರಾವ್. ಹುಟ್ಟಿದ್ದು 1929ರಲ್ಲಿ, ಬೆಂಗಳೂರಿನಲ್ಲೇ. 1942ರಲ್ಲಿ ಸ್ಕೂಲ್ ಹುಡುಗನಾಗಿದ್ದಾಗಲೇ ‘ಕ್ವಿಟ್ ಇಂಡಿಯಾ’ ಅಂತ ಗೋಡೆಗೆ ಬರೆದು ಪೊಲೀಸರ ಕೈಗೆ ಸಿಕ್ಕವರು. 2021ರ ಅಕ್ಟೋಬರಿನಲ್ಲಿ ತೀರಿಕೊಂಡರು. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ. ಗಬ್ಬರನ ಡೈಲಾಗು ನಿದ್ದೆಯಲ್ಲೂ ಒಪ್ಪಿಸಬಲ್ಲ ನನಗೆ ನಮ್ಮೂರಿನ ಈ ಮನುಷ್ಯನ ಹೆಸರೇ ಗೊತ್ತಿರಲಿಲ್ಲ.

ಬೆಳಿಗ್ಗೆ ಸೈಕಲ್ ಶಾಪಿನ ಹುಡುಗ ಕಡ್ಡಿ ಹಾಕಿ, ರಿಮ್ಮಿನ ಬೆಂಡ್ ತೆಗೆದುಕೊಟ್ಟ. ದುಡ್ಡು ಕೊಡೋಕೆ ಹೋದರೆ ಮುದುಕ ನನ್ನ ಕೈ ತಡೆದ. ಆಗ ನನ್ನಿಂದ ತಡೆಯೋಕಾಗಲಿಲ್ಲ. ‘ಬಾಬಾ, ನಾನು ಅವರನ್ನ ನೋಡಿಲ್ಲ. ನಿನ್ನೆ ಸುಳ್ಳು ಹೇಳಿದೆ’ ಅಂದೆ.

ಅವನು ನಗಲಿಲ್ಲ, ಬೈಯಲಿಲ್ಲ. ‘ಹಾಗಾದರೆ ಜೌರಾಕ್ಕೆ ಹೋಗು. ಅವರನ್ನ ಸುಟ್ಟಿದ್ದು ಅಲ್ಲೇ, ಆಶ್ರಮದಲ್ಲಿ. ಆಮೇಲೆ ದಿಲ್ಲಿ’ ಅಂದ.

ಬಂದ ದಾರಿಯಲ್ಲೇ ವಾಪಸು ಮೊರೇನಾ, ಅಲ್ಲಿಂದ ಪಕ್ಕಕ್ಕೆ ಜೌರಾ. ಒಂದು ದಿನ ಹೆಚ್ಚಾಯಿತು. ಆಶ್ರಮದ ಅಂಗಳದಲ್ಲಿ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಚಪ್ಪಲಿ ಬಿಟ್ಟು ಕನ್ನಡದಲ್ಲೇ ‘ನಮಸ್ಕಾರ ಸಾರ್’ ಅಂದೆ. ಗುಡಿಸುತ್ತಿದ್ದ ಹುಡುಗ ತಿರುಗಿ ನೋಡಿದ.

ಮಾರನೇ ದಿನ ಚಂಬಲ್ ಸೇತುವೆ ದಾಟಿದೆ. ಕೆಳಗೆ ನೀರು ತಿಳಿಯಾಗಿತ್ತು. ಧೋಲ್‌ಪುರಕ್ಕೆ ಹೋಗೋ ಲಾರಿಯವನೊಬ್ಬ ಹಾರ್ನ್ ಹೊಡೆದು ಕೈಬೀಸಿದ.