ಸಿಂಹಪುರಿಯಲ್ಲಿ ಎರಡು ದಿನ

ಹುಟ್ಟುಹಬ್ಬವೆಂದರೆ ನಮ್ಮ ಮನೆಯಲ್ಲಿ ಶಾವಿಗೆ ಪಾಯಸ, ದೇವರಿಗೊಂದು ನಮಸ್ಕಾರ, ಅಷ್ಟೆ. ಅದಕ್ಕಾಗಿ ಕಡಲು ದಾಟಿ ಹೋಗಿಬರುವ ಚಪಲ ಕನ್ನಡದ ಅಧ್ಯಾಪಕನೊಬ್ಬನಿಗೆ ಹುಟ್ಟಿತೆಂದರೆ ಸ್ನೇಹಿತರು ನಗದೆ ಇರುವರೆ? ಆದರೆ ನನ್ನ ಮಡದಿಗೆ 35 ತುಂಬುವ ದಿನ ಶನಿವಾರವೇ ಬಂದಿತ್ತು. ಎರಡು ವರ್ಷಗಳ ಮೌಲ್ಯಮಾಪನದ ಸಂಭಾವನೆಯೂ ಬ್ಯಾಂಕಿನಲ್ಲಿ ಹಾಗೆಯೇ ಉಳಿದಿತ್ತು. ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟು, ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಸಿಂಗಪುರದ ವಿಮಾನವನ್ನು ಹತ್ತಿಯೇಬಿಟ್ಟೆವು.

ಹೊರಡುವ ಮುನ್ನ ನಡೆದ ಸಣ್ಣ ಸಂಗತಿಯೊಂದನ್ನು ಇಲ್ಲಿಯೇ ಹೇಳಬೇಕು. ವೀಸಾ ಅರ್ಜಿಗಳೆರಡನ್ನೂ ತುಂಬಿದವನು ನಾನೇ. ಅವಳ ಅರ್ಜಿಯಲ್ಲಿ ‘ಉದ್ಯೋಗ’ ಎಂಬಲ್ಲಿ, ಯೋಚಿಸದೆ, ‘ಗೃಹಿಣಿ’ ಎಂದು ಬರೆದೆ. ಅವಳು ಓದಿದಳು, ಏನೂ ಹೇಳದೆ ಸಹಿ ಹಾಕಿದಳು. ಸಸ್ಯಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿ, ಮೂರು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳು ಅವಳು. ನನ್ನ ತಾಯಿ ಹಾಸಿಗೆ ಹಿಡಿದಾಗ ಕೆಲಸ ಬಿಟ್ಟಳು. ತಾಯಿ ತೀರಿಕೊಂಡು ಮೂರು ವರ್ಷಗಳಾದ ಮೇಲೂ ಆ ಕೆಲಸದ ಮಾತನ್ನು ನಾನು ಎತ್ತಿರಲಿಲ್ಲ.

ನಾಲ್ಕೂವರೆ ಗಂಟೆಯ ಹಾರಾಟ ಮುಗಿಸಿ ಇಳಿದಾಗ ಅಲ್ಲಿ ಬೆಳಗಾಗಿತ್ತು. ನಮ್ಮ ಗಡಿಯಾರಕ್ಕಿಂತ ಅಲ್ಲಿಯದು ಎರಡೂವರೆ ಗಂಟೆ ಮುಂದೆ. ಬೆಂಗಳೂರು ನಗರ ಜಿಲ್ಲೆಯ ಮೂರನೆಯ ಒಂದು ಪಾಲಿನಷ್ಟೇ ನೆಲವಿರುವ ಈ ದ್ವೀಪ 1965ರಿಂದ ಸ್ವತಂತ್ರ ರಾಷ್ಟ್ರ. ಇಂಗ್ಲಿಷ್, ಚೀನೀ, ಮಲಯ, ತಮಿಳು, ಈ ನಾಲ್ಕೂ ಇಲ್ಲಿ ಅಧಿಕೃತ ಭಾಷೆಗಳು. ನಾವು ಇಳಿದುಕೊಂಡದ್ದು ಸೆರಂಗೂನ್ ರಸ್ತೆಯ ಬಳಿ. ಮಲ್ಲಿಗೆ ಮಾಲೆ, ಅರಿಸಿನ ಕುಂಕುಮ, ಹುರಿದ ಕಾಫಿಬೀಜದ ಪರಿಮಳ! ಬಿಸಿ ಇಡ್ಲಿಯ ತಟ್ಟೆ ಮುಂದೆ ಬಂದಾಗ ಮಡದಿ ನಕ್ಕಳು: “ಇದಕ್ಕಾಗಿ ಇಷ್ಟು ದೂರ ಬರಬೇಕಿತ್ತೆ?”

ಊಟದ ಮಾತು ಹಾಗಿರಲಿ. ಅವಳು ನೋಡಬೇಕೆಂದದ್ದು ಒಂದೇ ಸ್ಥಳ, ಇಲ್ಲಿನ ಸಸ್ಯೋದ್ಯಾನ. 1859ರಲ್ಲಿ ಹುಟ್ಟಿದ ಈ ತೋಟ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಲಾಲ್‌ಬಾಗಿನಲ್ಲಿ ತಿರುಗಾಡಿದವರಿಗೆ ಮೊದಲ ನೋಟಕ್ಕೇ ಪರಿಚಿತವೆನಿಸುವ ತಾಣ. ಆದರೆ ಹಸುರು ಮಾತ್ರ ಮಳೆನಾಡಿನ ದಟ್ಟ ಹಸುರು. ದಾರಿಯುದ್ದಕ್ಕೂ ವಿವರಿಸಲೆಂದು ನಾನು ಕೈಪಿಡಿಯೊಂದನ್ನು ಓದಿ ಸಿದ್ಧನಾಗಿ ಹೋಗಿದ್ದೆ. ಅದು ಚೀಲದಿಂದ ಹೊರಗೆ ಬರಲೇ ಇಲ್ಲ.

ಹುಲ್ಲುಹಾಸಿನ ನಡುವೆ ಭಾರಿ ಟೆಂಬುಸು ಮರವೊಂದಿದೆ. ಅದರ ಒಂದು ಕೊಂಬೆ ನೆಲಕ್ಕೆ ಸಮಾನವಾಗಿ ಚಾಚಿಕೊಂಡಿದೆ. ಮಡದಿ ನನ್ನ ಜೇಬಿನಿಂದ ಐದು ಡಾಲರಿನ ನೋಟೊಂದನ್ನು ತೆಗೆಸಿ ತಿರುಗಿಸಿ ಹಿಡಿದಳು. ಅದೇ ಮರ, ಅದೇ ಕೊಂಬೆ! “ತೋಟಕ್ಕಿಂತ ಮರಕ್ಕೇ ವಯಸ್ಸು ಹೆಚ್ಚು” ಎಂದಳು.

ಮುಂದೆ ರಬ್ಬರಿನ ಮರ. ಅವಳ ತವರು ಸುಳ್ಯದ ಕಡೆ. ತೆಂಗಿನ ಗೆರಟೆಗೆ ಹನಿಹನಿಯಾಗಿ ಇಳಿಯುವ ಮರದ ಹಾಲನ್ನು ನೋಡುತ್ತಲೇ ಬೆಳೆದವಳು. ಬ್ರೆಜಿಲಿನಿಂದ 1876ರಲ್ಲಿ ಬೀಜಗಳು ಇಂಗ್ಲೆಂಡಿಗೆ ಹೋದುವಂತೆ. ಅಲ್ಲಿ ಮೊಳೆತ ಸಸಿಗಳಲ್ಲಿ 22 ಮರುವರ್ಷ ಇಲ್ಲಿಗೆ ಬಂದುವಂತೆ. 1888ರಲ್ಲಿ ತೋಟದ ಮುಖ್ಯಸ್ಥನಾಗಿ ಬಂದ ಹೆನ್ರಿ ರಿಡ್ಲಿ, ಮರವನ್ನು ಕೊಲ್ಲದೆ ಹಾಲು ತೆಗೆಯುವ ಬಗೆಯನ್ನು ಕಂಡುಹಿಡಿದ. ಜೇಬಿನ ತುಂಬ ಬೀಜ ತುಂಬಿಕೊಂಡು, ಸಿಕ್ಕಿದ ತೋಟಗಾರರಿಗೆಲ್ಲ “ಇದನ್ನು ಬೆಳೆಯಿರಿ” ಎಂದು ಬೆನ್ನುಹತ್ತುತ್ತಿದ್ದ ಅವನಿಗೆ ಜನರಿಟ್ಟ ಹೆಸರು ‘ಹುಚ್ಚು ರಿಡ್ಲಿ’. ಮೋಟಾರು ಗಾಡಿಗಳು ಬಂದು ಟೈರುಗಳು ಬೇಕಾದಾಗ ಹುಚ್ಚು ಯಾರದೆಂದು ತಿಳಿಯಿತು. ಅವನು ನೂರು ವರ್ಷ ಬಾಳಿ, 1956ರಲ್ಲಿ ತೀರಿಕೊಂಡ.

“ಒಮ್ಮೆ ಮಾಡಿದ ಗಾಯದ ಅಂಚನ್ನೇ ದಿನವೂ ತೆಳ್ಳಗೆ ಸವರಬೇಕು. ತೊಗಟೆಯೊಳಗಿನ ಜೀವಪದರಕ್ಕೆ ಕತ್ತಿ ತಾಗಬಾರದು” ಎನ್ನುತ್ತ ಅವಳು ಕಾಂಡದ ಮೇಲೆ ಬೆರಳಿನಿಂದ ಓರೆಗೆರೆಯೆಳೆದು ತೋರಿಸಿದಳು. ಪಕ್ಕದಲ್ಲಿ ನಿಂತಿದ್ದ ಚೀನೀ ವೃದ್ಧ ದಂಪತಿಗಳು ಕುತೂಹಲದಿಂದ ನೋಡಿದರು. ಅವಳು ಇಂಗ್ಲಿಷಿನಲ್ಲಿ ಮೊದಲಿನಿಂದ ಎಲ್ಲವನ್ನೂ ವಿವರಿಸಿದಳು. ಆ ಧ್ವನಿಯನ್ನು ನಾನು ಕೇಳಿ ಎಷ್ಟು ವರ್ಷಗಳಾಗಿದ್ದುವು! “ನೀವು ಶಿಕ್ಷಕಿಯೆ?” ಎಂದು ಆ ಅಜ್ಜಿ ಕೇಳಿದಳು. ಮಡದಿ ಒಂದು ಕ್ಷಣ ನನ್ನ ಮುಖ ನೋಡಿದಳು. “ಹಿಂದೆ ಆಗಿದ್ದೆ” ಎಂದಳು.

ಆರ್ಕಿಡ್ ತೋಟಕ್ಕೆ ಬೇರೆಯೇ ಪ್ರವೇಶಧನ. ನಮ್ಮ ಮಲೆನಾಡಿಗರು ಸೀತಾಳೆಯೆಂದು ಮುಡಿಯುವ ಹೂವಿನ ಬಂಧುಬಳಗವೆಲ್ಲ ಅಲ್ಲಿ ನೆರೆದಿದೆ. ಅದರಲ್ಲಿ ನಸುಗೆಂಪು, ನೇರಿಳೆ ಬೆರೆತ ಹೂವೊಂದು ಈ ನಾಡಿನ ರಾಷ್ಟ್ರಪುಷ್ಪ. ವಾಂಡಾ ಮಿಸ್ ಜೋಕಿಮ್ ಎಂದು ಹೆಸರು. ಆ ಗೌರವ ಅದಕ್ಕೆ ಸಂದದ್ದು 1981ರಲ್ಲಿ. ಆಗ್ನೆಸ್ ಜೋಕಿಮ್ ಎಂಬ ಅರ್ಮೇನಿಯನ್ ಮಹಿಳೆ ತನ್ನ ಮನೆಯ ತೋಟದಲ್ಲಿ ಎರಡು ಜಾತಿಗಳನ್ನು ಕೂಡಿಸಿ ಅದನ್ನು ಬೆಳೆಸಿದಳೆಂದು ರಿಡ್ಲಿಯೇ 1893ರಲ್ಲಿ ಬರೆದಿದ್ದ. ಆದರೂ ಮುಂದಿನವರು ಆ ಮಾತನ್ನು ಬದಿಗೊತ್ತಿದರು. ಬಿದಿರುಮೆಳೆಯಲ್ಲಿ ತಾನಾಗಿ ಹುಟ್ಟಿದ್ದ ಗಿಡ ಆಕೆಯ ಕಣ್ಣಿಗೆ ಬಿತ್ತು, ಅಷ್ಟೇ ಎಂಬ ಕಥೆ ಹಬ್ಬಿತು. ಸೃಷ್ಟಿಸಿದವಳು ಆಕೆಯೇ ಎಂದು ಅಲ್ಲಿನ ಅಧಿಕೃತ ಸಂಸ್ಥೆಗಳು ಒಪ್ಪಿಕೊಂಡದ್ದು 2016ರಲ್ಲಿ.

ಇದನ್ನು ಹೇಳಿ ಮುಗಿಸಿದವಳು, “ನಾಳೆ ಆಕೆಯ ಸಮಾಧಿ ನೋಡೋಣ” ಎಂದಳು. ಮರುದಿನ ಕಡಲಂಚಿನ ಸಿಂಹಮತ್ಸ್ಯದ ಮುಂದೆ ಎಲ್ಲರಂತೆ ಒಂದು ಚಿತ್ರ ತೆಗೆಸಿಕೊಂಡು, ಹಿಲ್ ಸ್ಟ್ರೀಟಿನ ಅರ್ಮೇನಿಯನ್ ಚರ್ಚಿಗೆ ಹೋದೆವು. 1835ರ ಬಿಳಿಯ ಕಟ್ಟಡ; ಈ ದ್ವೀಪದ ಅತ್ಯಂತ ಹಳೆಯ ಕ್ರೈಸ್ತ ದೇವಾಲಯ. ಅದರ ಅಂಗಳದಲ್ಲಿ ಆಗ್ನೆಸಳ ಸಮಾಧಿಯ ಕಲ್ಲಿದೆ. 1899ರ ಪುಷ್ಪಪ್ರದರ್ಶನದಲ್ಲಿ ಆ ಹೂವಿಗೆ ಬಹುಮಾನ ಬಂದಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಆಕೆ ಕಣ್ಮುಚ್ಚಿದಳು. ಆಗ ಆಕೆಗೆ 45 ವರ್ಷ.

ಮಡದಿ ಕಲ್ಲಿನ ಮುಂದೆ ಬಹಳ ಹೊತ್ತು ನಿಂತಳು. “ಇಷ್ಟು ತಡವಾಗಿಯಾದರೂ ಹೇಳಿದರಲ್ಲ” ಎಂದಳು. ಮೆಟ್ಟಿಲ ಮೇಲೆ ಕುಳಿತಾಗ ನಾನು ವೀಸಾ ಅರ್ಜಿಯ ವಿಷಯ ತೆಗೆದೆ.

“ನಿನ್ನನ್ನು ಕೇಳಿ ಬರೆಯಬೇಕಿತ್ತು.”

“ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೋ ಏನೋ” ಎಂದಳು. ಸ್ವಲ್ಪ ತಡೆದು, “ಆದರೆ ನೀವು ಕೇಳಬೇಕಿತ್ತು” ಎಂದಳು.

ನನಗೆ ಉತ್ತರ ತೋಚಲಿಲ್ಲ. ಮನೆಯಲ್ಲಿ ಒಬ್ಬರು ತಮ್ಮ ಕೆಲಸವನ್ನು ಬದಿಗಿಟ್ಟರೆ, ಉಳಿದವರು ಅದನ್ನು ತಾನಾಗಿ ನಡೆದುಹೋದ ಸಂಗತಿಯೆಂದು ತಿಳಿಯುತ್ತೇವೆ. ಬಿದಿರುಮೆಳೆಯ ಕಥೆ ಹುಟ್ಟುವುದು ಹೀಗೆಯೇ ಇರಬೇಕು.

ಅಂದು ರಾತ್ರಿಯೇ ಹಿಂದಿರುಗಿದೆವು. ಸೋಮವಾರ ನನಗೆ ತರಗತಿಯಿತ್ತು. ಮಗಳಿಗೆ ತಂದ ಸಿಂಹದ ಗೊಂಬೆ ಅವಳ ಹಾಸಿಗೆ ಸೇರಿತು. ಈಗ ಕಾಲೇಜುಗಳು ಅತಿಥಿ ಉಪನ್ಯಾಸಕರನ್ನು ಕರೆಯುವ ಕಾಲ. ನನ್ನಾಕೆಯೂ ಈ ಸಲ ಅರ್ಜಿ ಹಾಕಿದ್ದಾಳೆ. ಕೆಲಸ ಸಿಕ್ಕುವುದೋ ಇಲ್ಲವೋ ಹೇಳಲಾಗದು. ಅರ್ಜಿಯನ್ನು ಮಾತ್ರ ಈ ಬಾರಿ ಅವಳೇ ತುಂಬಿದಳು. ಕಾಫಿ ಮಾಡಿಕೊಡುವ ಕೆಲಸ ನನ್ನದಾಯಿತು.