ಬಿಸಿಲಿನ ಪಾಲು

ಬ್ಯಾಟರಾಯನಪುರದ ನಮ್ಮ ಮನೆಯ ಪಕ್ಕ ನಾಲ್ಕಂತಸ್ತಿನ ಕಟ್ಟಡ ಎದ್ದ ಮೇಲೆ ತಾರಸಿಗೆ ಬಿಸಿಲು ಬರುವುದು ಹನ್ನೊಂದರ ನಂತರ. ಸೋಲಾರ್ ನೀರು ಉಗುರುಬೆಚ್ಚಗೆ. ಎರಡು ದಿನಕ್ಕೆ ಒಣಗುತ್ತಿದ್ದ ಅರಳುಸಂಡಿಗೆಗೆ ಈಗ ನಾಲ್ಕು ದಿನ. “ಬಿಸಿಲನ್ನೂ ಕಿತ್ಕೊಂಡ್ರು ಕಣೇ” ಎಂದು ಅತ್ತೆಯವರ ಗೊಣಗಾಟ.

“ಅಜ್ಜಿ, ಆಕಾಶದಲ್ಲೇ ಬಿಸಿಲು ಹಿಡಿದು ಕರೆಂಟು ಕಳಿಸ್ತಾರಂತೆ!” ಎಂದಳು ಮಗಳು. 1968ರಲ್ಲೇ ಪೀಟರ್ ಗ್ಲೇಸರ್ ಎಂಬ ವಿಜ್ಞಾನಿ ಹೀಗೆ ಯೋಚಿಸಿದ್ದರು. ಸುಮಾರು 36,000 ಕಿ.ಮೀ. ಎತ್ತರದಲ್ಲಿ ಮೋಡವಿಲ್ಲ, ಕತ್ತಲೆಯೂ ಅಪರೂಪ. ಅಲ್ಲಿನ ಬಿಸಿಲನ್ನು ವಿದ್ಯುತ್ತಾಗಿಸಿ, ಮೈಕ್ರೋವೇವ್ ಅಲೆಗಳಲ್ಲಿ ಭೂಮಿಗಿಳಿಸುವುದು. 2023ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನವರು ಹಾಗೆ ಕಳಿಸಿದ್ದು ನೆಲದಲ್ಲಿ ಗುರುತು ಸಿಗುವಷ್ಟು ಮಾತ್ರ.

ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ. ಯಶವಂತಪುರದಾಚೆಯ ಪೀಣ್ಯದ ಶೆಡ್ಡುಗಳಲ್ಲೇ ಅಲ್ಲವೇ ಆರ್ಯಭಟ ತಯಾರಾದದ್ದು? 1975ರ ಏಪ್ರಿಲ್ 19ರಂದು ಮೇಲೇರಿದ ಅದರ ಮೈಮೇಲೆಲ್ಲ ಸೌರಕೋಶಗಳು. ಸಿಗುತ್ತಿದ್ದದ್ದು 46 ವ್ಯಾಟ್. ನಮ್ಮ ಹಳೆಯ ಅರವತ್ತರ ಬಲ್ಬಿಗೂ ಸಾಲದು. ಆರಂಭವೆಂದರೆ ಅಷ್ಟೇ ತಾನೆ!

ಆ ರಾತ್ರಿ ಇವರು, “ನಾವೂ ಇನ್ನೊಂದು ಅಂತಸ್ತು ಏರಿಸೋಣ, ಬಿಸಿಲು ಸಿಗುತ್ತೆ” ಎಂದರು. ಹಿಂದಿನ ಮನೆಯವರ ತುಳಸಿಕಟ್ಟೆ ಕಣ್ಣಮುಂದೆ ಬಂತು. ಆಕಾಶದ ಬಿಸಿಲು ಇಳಿಯುವ ತನಕ ಇರುವುದನ್ನೇ ಹಂಚಿಕೊಳ್ಳಬೇಕಲ್ಲ. ಬೇಡ ಎಂದೆ.